ಶುಭೇಚ್ಛಾ – ಶುಭಾಶಯ: ಒಂದು ಕ್ರಿಸ್‌ಮಸ್ ಕಾರ್ಡಿನ ಪಾಠ

1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಅವರು ಪತ್ರಗಳಿಗೆಲ್ಲ ಉತ್ತರ ಬರೆಯಲು ಬಿಡುವಿಲ್ಲದೆ, ಚಿತ್ರಕಾರ ಜಾನ್ ಹಾರ್ಸ್‌ಲಿ ಅವರಿಂದ ಚಿತ್ರ ಬರೆಯಿಸಿ ಕ್ರಿಸ್‌ಮಸ್ ಕಾರ್ಡನ್ನು ಅಚ್ಚು ಹಾಕಿಸಿದರು. ಬರೆಯುವ ಶ್ರಮ ತಪ್ಪಿಸಲು ಹುಟ್ಟಿದ ಕಾರ್ಡಿಗೆ ಆ ಶ್ರಮವನ್ನು ಮರಳಿ ತರುವುದು ಕೈಕೆಲಸ.

ದಪ್ಪ ಹಾಳೆಯ ನಡುವೆ ಮೊಂಡು ತುದಿಯಿಂದ ಗೆರೆ ಒತ್ತಿ ಮಡಚಿದರೆ ಮಡಿಕೆ ಬಿರಿಯದು. ಮಣಿ, ಟಿಕಲಿ, ಜರಿ ಮುಖಪುಟದಲ್ಲಿರಲಿ. ಒಳಪುಟ ಬರವಣಿಗೆಗೆ ಮೀಸಲು.

ಬಾಲ್ಯದಲ್ಲಿ ಗೆಳೆಯನ ಮನೆಗೆ ಇಂಥದೊಂದು ಕಾರ್ಡು ಒಯ್ದಿದ್ದೆ. ಒಳಗೆ, ಶಾಲೆಯ ರೂಢಿಯಂತೆ, ಮರಾಠಿಯಲ್ಲಿ ‘ಶುಭೇಚ್ಛಾ’ ಎಂದು ಬರೆದಿದ್ದೆ. ಕನ್ನಡ ಮಾತ್ರ ಓದಬಲ್ಲ ಅವನ ತಾಯಿ ಮಣಿಗಳನ್ನು ಸವರಿ, ‘ಏನ ಬರದೀಯೋ ತಮ್ಮಾ?’ ಎಂದರು.

ಶುಭ, ಇಚ್ಛಾ ಸೇರಿ ‘ಶುಭೇಚ್ಛಾ’: ಗುಣಸಂಧಿ. ಶುಭ, ಆಶಯ ಸೇರಿ ‘ಶುಭಾಶಯ’: ಸವರ್ಣದೀರ್ಘಸಂಧಿ. ಎರಡೂ ಸರಿಯೇ. ಓದುವವರ ಅಕ್ಷರವನ್ನರಿತು ಬರೆದಾಗಲೇ ಹಾರೈಕೆ ತಲುಪುತ್ತದೆ.