ಸಿನಿಮಾ ಪೋಸ್ಟರ್ ಮತ್ತು ರಷ್ಯಾದ ರಚನಾವಾದ

ನಿಲುವು: 1917ರ ಕ್ರಾಂತಿಯ ನಂತರ ಬಲಗೊಂಡ ರಚನಾವಾದದ ಪ್ರಕಾರ, ಕಲೆ ಇರುವುದು ಅಲಂಕಾರಕ್ಕಲ್ಲ, ಸಮಾಜದ ಬಳಕೆಗೆ.

ಪ್ರಮುಖರು: ಅಲೆಕ್ಸಾಂಡರ್ ರಾಡ್ಚೆಂಕೊ (‘ಕಿನೊ-ಗ್ಲಾಜ್’ ಪೋಸ್ಟರ್, 1924), ಸ್ಟೆನ್‌ಬರ್ಗ್ ಸಹೋದರರಾದ ವ್ಲಾದಿಮಿರ್ (1899–1982), ಗಿಯೋರ್ಗಿ (1900–1933).

ವಿಧಾನ: ಸ್ಟೆನ್‌ಬರ್ಗ್ ಸಹೋದರರು ಚಿತ್ರದ ಫ್ರೇಮುಗಳನ್ನು ಪ್ರೊಜೆಕ್ಟರ್‌ನಿಂದ ಹಿಗ್ಗಿಸಿ, ಕೋನ ಬದಲಿಸಿ, ಕೈಯಿಂದಲೇ ಬಿಡಿಸುತ್ತಿದ್ದರು. ಲಿಥೋ ಮುದ್ರಣದಲ್ಲಿ ಪ್ರತಿ ಹೊರಬರುತ್ತಿತ್ತು.

ಉದಾಹರಣೆ: ಝೀಗಾ ವೆರ್ತೋವ್ ನಿರ್ದೇಶನದ ‘ಮ್ಯಾನ್ ವಿತ್ ಎ ಮೂವಿ ಕ್ಯಾಮೆರಾ’ (1929) ಚಿತ್ರಕ್ಕೆ ಈ ಸಹೋದರರ ಪೋಸ್ಟರ್. ಮೇಲಕ್ಕೆ ಚಾಚಿದ ಗಗನಚುಂಬಿಗಳ ನಡುವೆ ಹಿಂದಕ್ಕೆ ಬಾಗಿದ ಮಹಿಳೆ. ಸುತ್ತ ವರ್ತುಲವಾಗಿ ತಿರುಗುವ ಅಕ್ಷರಗಳು. ನಿಂತ ಚಿತ್ರಕ್ಕೆ ಚಲನೆ ತಂದದ್ದೇ ಇದರ ಹಿರಿಮೆ.

ಮುಂದುವರಿಕೆ: ಅಮೆರಿಕದ ವಿನ್ಯಾಸಕ ಸಾಲ್ ಬಾಸ್, ರಚನಾವಾದದಿಂದ ಪ್ರಭಾವಿತನಾದ ಕಲಾವಿದ ಮೊಹೊಲಿ-ನಾಗಿಯ ಸಹವರ್ತಿ ಗ್ಯೋರ್ಗಿ ಕೆಪೆಶ್ ಅವರ ಶಿಷ್ಯ. ‘ದಿ ಮ್ಯಾನ್ ವಿತ್ ದಿ ಗೋಲ್ಡನ್ ಆರ್ಮ್’ (1955) ಚಿತ್ರಕ್ಕೆ ಬಾಸ್ ರಚಿಸಿದ ಮುರುಟಿದ ತೋಳಿನ ಚಿಹ್ನೆ ಪೋಸ್ಟರ್, ಶೀರ್ಷಿಕೆ ಎರಡರಲ್ಲೂ ಬಳಕೆಯಾಯಿತು.