ಅಕ್ಕರೆಯನ್ನೂ ಕೇಳು, ಸಂಬಳವನ್ನೂ ಕೇಳು

ಪ್ರೀತಿಯ ಪುಟ್ಟಿಗೆ,

ಬೆಂಗಳೂರಿನ ಮನೆಗಳಲ್ಲಿ ವಯಸ್ಸಾದವರನ್ನು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಹೋಮ್ ನರ್ಸ್‌ಗಳ ಯೋಗಕ್ಷೇಮವನ್ನೇ ಪಿಎಚ್.ಡಿ.ಗೆ ಆರಿಸಿಕೊಂಡಿದ್ದೀಯ ಎಂದು ನಿನ್ನಮ್ಮ ಹೇಳಿದಳು. ಬದುಕಿಡೀ ಸಮಾಜಶಾಸ್ತ್ರ ಪಾಠ ಮಾಡಿದವಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ? ನೀನು ಕಳಿಸಿದ ಪ್ರಶ್ನಾವಳಿಯನ್ನು ಓದಿದೆ. ಕ್ಷೇತ್ರಕಾರ್ಯಕ್ಕೆ ಇಳಿಯುವ ಮುಂಚೆ ಒಂದು ಮಾತು ಹೇಳಲೇಬೇಕು ಅನ್ನಿಸಿತು.

‘ಈ ಕೆಲಸ ನಿಮಗೆ ಇಷ್ಟವೇ?’ ಎಂಬುದು ನಿನ್ನ ಮೊದಲ ಪುಟದಲ್ಲಿದೆ. ಸಂಬಳ, ರಜೆ, ಏಜೆನ್ಸಿಯ ಕಮಿಷನ್ ಕೊನೆಯ ಪುಟದಲ್ಲಿವೆ. ಇವನ್ನು ಬೇರೆ ಬೇರೆ ಇಡಬೇಡ. ಅಕ್ಕರೆಯಿಂದ ನೋಡಿಕೊಳ್ಳುವವರು ದುಡ್ಡಿನ ಮಾತೆತ್ತಬಾರದು, ದುಡ್ಡಿನ ಮಾತೆತ್ತಿದವರಲ್ಲಿ ಅಕ್ಕರೆ ಇರುವುದಿಲ್ಲ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ಹೋಮ್ ನರ್ಸ್‌ಗಳ ಬದುಕನ್ನು ಹಿಂಡುತ್ತಿರುವುದು ಈ ನಂಬಿಕೆಯೇ. ಅದು ನಿನ್ನ ಪ್ರಶ್ನಾವಳಿಯೊಳಗೂ ನುಸುಳಬಾರದು.

ಅಮೆರಿಕದ ಸಮಾಜಶಾಸ್ತ್ರಜ್ಞೆ ಪೌಲಾ ಇಂಗ್ಲೆಂಡ್ ಅವರ ಬರಹಗಳನ್ನು ಮತ್ತೊಮ್ಮೆ ಓದು. ಮಿಶೆಲ್ ಬುಡಿಗ್ ಮತ್ತು ಅರ್ಥಶಾಸ್ತ್ರಜ್ಞೆ ನ್ಯಾನ್ಸಿ ಫೋಲ್ಬ್ರೆ ಜೊತೆ 2002ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ಅಮೆರಿಕದ ದುಡಿಮೆಗಾರರ ಕುರಿತದ್ದು. ಓದು, ಅನುಭವಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಆರೈಕೆಯ ಕೆಲಸದಲ್ಲಿರುವವರ ಕೂಲಿ ಶೇ. 5ರಿಂದ 10ರಷ್ಟು ಕಡಿಮೆ ಇರುವುದನ್ನು ಅದು ತೋರಿಸಿತು. ಆ ಕೆಲಸ ಮಾಡುವ ಗಂಡಸರಿಗೂ ಈ ಕಡಿತ ತಪ್ಪಿಲ್ಲ. ಹೆಂಗಸರ ಕೆಲಸವೆಂದು ಯಾವುದಕ್ಕೆ ಹೆಸರು ಬಿತ್ತೋ ಅದರ ಬೆಲೆಯೇ ಇಳಿಯುತ್ತದೆ ಎಂಬುದು ಇದಕ್ಕೆ ಅವರು ಕೊಡುವ ಕಾರಣಗಳಲ್ಲಿ ಒಂದು.

2005ರ ಒಂದು ಲೇಖನದಲ್ಲಿ ಪೌಲಾ ಇಂಗ್ಲೆಂಡ್ ಇನ್ನೊಂದು ಕಾರಣವನ್ನೂ ಚರ್ಚಿಸುತ್ತಾರೆ. ಅದನ್ನು ಪ್ರೀತಿಯ ಸೆರೆ ಅನ್ನಬಹುದು. ಕೆಲಸಕ್ಕೆಂದು ಬಂದವಳಿಗೆ ದಿನ ಕಳೆದಂತೆ ತಾನು ನೋಡಿಕೊಳ್ಳುವ ಅಜ್ಜಿಯ ಮೇಲೆ ಅಕ್ಕರೆ ಬೆಳೆಯುತ್ತದೆ. ತಾನು ಹೋದರೆ ಅಜ್ಜಿಯನ್ನು ಎಬ್ಬಿಸಿ ಕೂರಿಸುವವರು ಯಾರು, ಮಗ್ಗುಲು ಬದಲಿಸುವವರು ಯಾರು ಎಂಬ ಚಿಂತೆ ಕಾಡುತ್ತದೆ. ಹಾಗಾಗಿ ಸಂಬಳ ಹೆಚ್ಚಿಸಿ ಎಂದು ಪಟ್ಟು ಹಿಡಿಯಲಾರಳು, ಬಿಟ್ಟು ಹೋಗಲೂ ಆರಳು. ಅವಳ ಒಳ್ಳೆಯತನವೇ ಅವಳ ಕೈ ಕಟ್ಟುತ್ತದೆ.

ಹಾಗೆಂದು ಅಕ್ಕರೆಯೇ ಅವಳನ್ನು ಬಳಲಿಸುತ್ತದೆ ಎಂಬ ತೀರ್ಮಾನಕ್ಕೂ ಅವಸರ ಮಾಡಬೇಡ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ವಿಮಾನದ ಗಗನಸಖಿಯರನ್ನು ಅಧ್ಯಯನ ಮಾಡಿ, ಸಂಬಳಕ್ಕಾಗಿ ಭಾವನೆಯನ್ನೇ ತಿದ್ದಿಕೊಳ್ಳಬೇಕಾದ ದುಡಿಮೆ ಮನಸ್ಸನ್ನು ಹೇಗೆ ಸವೆಸುತ್ತದೆ ಎಂದು ಬರೆದರು. ಹತ್ತು ವರ್ಷದ ನಂತರ ಇನ್ನೊಬ್ಬ ಸಮಾಜಶಾಸ್ತ್ರಜ್ಞೆ ಏಮಿ ವಾರ್ಟನ್ ಆಸ್ಪತ್ರೆ ಮತ್ತು ಬ್ಯಾಂಕ್ ನೌಕರರನ್ನು ವಿಚಾರಿಸಿದಾಗ, ಇಂಥ ಕೆಲಸದಲ್ಲಿರುವವರೆಲ್ಲ ಬೇರೆಯವರಿಗಿಂತ ಹೆಚ್ಚು ಬಳಲಿದ್ದಾರೆ ಎಂದೇನೂ ಕಾಣಲಿಲ್ಲ. ತನ್ನ ಕೆಲಸವನ್ನು ಹೇಗೆ ಮಾಡಬೇಕೆಂದು ತಾನೇ ನಿರ್ಧರಿಸುವ ಸ್ವಾತಂತ್ರ್ಯ ಎಷ್ಟಿದೆ ಎಂಬುದು ದೊಡ್ಡ ವ್ಯತ್ಯಾಸ ಮಾಡಿತ್ತು. ನಿನ್ನ ಸಂಶೋಧನೆಯ ಬೀಗದ ಕೈ ಇಲ್ಲಿದೆ, ಪುಟ್ಟೀ. ಹೊಣೆಯೆಲ್ಲ ಅವಳದು, ಮಾತು ಮಾತ್ರ ಬೇರೆಯವರದು ಎಂಬಲ್ಲಿ ಸುಸ್ತು ಹುಟ್ಟುತ್ತದೆ.

ಆದ್ದರಿಂದ ‘ಇಷ್ಟವೇ?’ ಎಂದು ಕೇಳಿ ಸುಮ್ಮನಾಗಬೇಡ. ರಾತ್ರಿ ಎಷ್ಟು ಸಲ ಎದ್ದಿರಿ ಎಂದು ಕೇಳು. ಮಲಗಲು ಕೋಣೆಯೋ, ರೋಗಿಯ ಮಂಚದ ಪಕ್ಕದ ಚಾಪೆಯೋ? ಊಟ ಎಷ್ಟು ಹೊತ್ತಿಗೆ, ಯಾರು ಬಡಿಸುತ್ತಾರೆ? ರೋಗಿ ಬಿದ್ದರೆ ಯಾರಿಗೆ ಫೋನ್ ಮಾಡಬೇಕು, ಬೈಗುಳ ಯಾರಿಗೆ? ರೋಗಿಯನ್ನು ನೋಡಿಕೊಳ್ಳಲೆಂದು ಕರೆಸಿ ಅಡುಗೆ, ಪಾತ್ರೆ, ನೆಲ ಒರೆಸುವುದನ್ನೂ ಹೊರಿಸುತ್ತಾರೆಯೇ? ಊರಲ್ಲಿ ಅವಳ ಮಗುವನ್ನು, ಅವಳ ತಾಯಿಯನ್ನು ಯಾರು ನೋಡಿಕೊಳ್ಳುತ್ತಿದ್ದಾರೆ?

ಇನ್ನೊಂದನ್ನು ಮರೆಯದೆ ಕೇಳು. ನೋಡಿಕೊಳ್ಳುತ್ತಿದ್ದವರು ತೀರಿಕೊಂಡ ದಿನ ಏನಾಯಿತು? ಮನೆಯವರು ಶೋಕದಲ್ಲಿರುತ್ತಾರೆ, ನೆಂಟರು ಅವರನ್ನು ಸಂತೈಸುತ್ತಾರೆ. ತಿಂಗಳುಗಟ್ಟಲೆ ಆ ದೇಹವನ್ನು ತೊಳೆದು, ಒರೆಸಿ, ತುತ್ತು ತಿನ್ನಿಸಿದವಳಿಗೆ ಅಂದೇ ಕೆಲಸ ಹೋಗುತ್ತದೆ. ಬಟ್ಟೆ ಕಟ್ಟಿಕೊಂಡು ಏಜೆನ್ಸಿ ಹೇಳಿದ ಮುಂದಿನ ಮನೆಗೆ ಹೊರಡಬೇಕು. ಅವಳ ದುಃಖಕ್ಕೆ ರಜೆ ಇಲ್ಲ. ಯೋಗಕ್ಷೇಮ ಎಂದು ನೀನು ಬರೆಯುವಾಗ ಆ ದುಃಖವೂ ಅದರೊಳಗೆ ಬರಬೇಕು.

ಈ ಮಾತುಗಳನ್ನು ಮಾಲೀಕರ ಮನೆಯಲ್ಲಿ, ಅವರ ಕಿವಿಗೆ ಬೀಳುವಂತೆ ಕೇಳಿದರೆ ‘ಎಲ್ಲ ಚೆನ್ನಾಗಿದೆ ಮೇಡಂ’ ಎಂಬ ಉತ್ತರವೇ ಸಿಗುತ್ತದೆ. ಅವಳ ಬಿಡುವಿನ ದಿನ, ಅವಳು ಹೇಳಿದ ಜಾಗಕ್ಕೆ ನೀನೇ ಹೋಗು. ಹೆಸರು, ಮನೆ, ಬಡಾವಣೆ ಯಾವುದೂ ಗುರುತು ಸಿಗದಂತೆ ಬರೆ. ನಿನಗೆ ಪದವಿ ಸಿಗುವ ಭರದಲ್ಲಿ ಅವಳ ಕೆಲಸ ಹೋಗಬಾರದು.

ಇದು ಕೆಲವರ ಕತೆ ಎಂದು ಯಾರಾದರೂ ಅಂದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ವರದಿ ತೋರಿಸು. ಜಗತ್ತಿನಲ್ಲಿ 38 ಕೋಟಿಗೂ ಹೆಚ್ಚು ಜನ ಆರೈಕೆ ವಲಯದಲ್ಲಿ ದುಡಿಯುತ್ತಿದ್ದಾರೆ, ಮೂರರಲ್ಲಿ ಎರಡು ಪಾಲು ಹೆಂಗಸರು. ನಮ್ಮ ಆಶಾ ಕಾರ್ಯಕರ್ತೆಯರನ್ನೇ ನೋಡು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರನ್ನು ಗೌರವಿಸಿತು. 2025ರ ಜನವರಿಯಲ್ಲಿ ಕರ್ನಾಟಕದ ಆಶಾಗಳು ತಿಂಗಳ ನಿಶ್ಚಿತ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲೂ ರಾತ್ರಿ ಕೂರಬೇಕಾಯಿತು. ಕಡತಗಳಲ್ಲಿ ಅವರಿನ್ನೂ ಸ್ವಯಂಸೇವಕಿಯರು. ಸನ್ಮಾನ ಎಷ್ಟೇ ದೊಡ್ಡದಿರಲಿ, ತಿಂಗಳ ಕೊನೆಗೆ ಅಕ್ಕಿ ತರಲು ಅದು ಸಾಲದು.

ಆದರೂ ಕೈಚೆಲ್ಲಬೇಕಾಗಿಲ್ಲ. ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಟಿಯ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ತೀರ್ಪು ಕೊಟ್ಟಿತು. ಸೇವೆ ಎಂದು ಹೊಗಳಿ ಪಕ್ಕಕ್ಕಿಟ್ಟಿದ್ದನ್ನು ದುಡಿಮೆ ಎಂದು ಕಾನೂನು ಒಪ್ಪಿದ ಗಳಿಗೆ ಅದು. ಹೋಮ್ ನರ್ಸ್‌ಗಳಿಗೂ ಅಂಥ ದಿನ ಬರಬೇಕಾದರೆ ಅವರ ಗಂಟೆಗಳನ್ನು, ನಿದ್ದೆಯನ್ನು, ಸಂಬಳವನ್ನು ಯಾರಾದರೂ ಸರಿಯಾಗಿ ಲೆಕ್ಕವಿಟ್ಟು ಬರೆದಿರಬೇಕು. ಆ ಲೆಕ್ಕ ನೀನು ಬರೆ. ಬರೆದದ್ದನ್ನು ಇಂಗ್ಲಿಷ್ ಜರ್ನಲ್‌ಗೆ ಕಳಿಸಿ ಮುಗಿಸದೆ, ಕನ್ನಡದಲ್ಲಿ ನಾಲ್ಕು ಪುಟ ಮಾಡಿ ಅವರ ಮುಂದೆಯೇ ಓದು. ತಪ್ಪಿದ್ದರೆ ಅವರೇ ತಿದ್ದಲಿ. ಅವರು ಒಪ್ಪಿದ ಮೇಲೆ ಅದೇ ನಾಲ್ಕು ಪುಟವನ್ನು ಕಾರ್ಮಿಕ ಇಲಾಖೆಗೂ ತಲುಪಿಸು.

ಒಳ್ಳೆಯದಾಗಲಿ.

ಇತಿ,
ನಿನ್ನ ದೊಡ್ಡಮ್ಮ