ಪಹಣಿ ಯಜಮಾನರ ಹೆಸರಲ್ಲಿ, ಗಿಡ ಮೈದುನನದು

ಪ್ರಶ್ನೆ: ಅಕ್ಕಾ, ನಮ್ಮದು ಹನೂರು ತಾಲ್ಲೂಕಿನ ಕಾಡಂಚಿನ ಊರು. ಎರಡೂವರೆ ಎಕರೆ ಹೊಲವಿದೆ. ಮಾವ ತೀರಿಹೋದ ಮೇಲೆ ಪಹಣಿ ನಮ್ಮ ಯಜಮಾನರ ಹೆಸರಿಗೆ ಬಂತು. ಅವರು ಮೈಸೂರಿನಲ್ಲಿ ಲಾರಿ ಓಡಿಸುತ್ತಾರೆ, ಹದಿನೈದು ದಿನಕ್ಕೊಮ್ಮೆ ಊರಿಗೆ ಬರುತ್ತಾರೆ. ಮನೆಯಲ್ಲಿ ಅತ್ತೆಯೂ ಇದ್ದಾರೆ. ಬೇಸಾಯವೆಲ್ಲ ಮೈದುನನದು. ಅವನಿಗೆ ಇಪ್ಪತ್ತನಾಲ್ಕು ವರ್ಷ. ಹೋದ ತಿಂಗಳು ಮುಸುಕಿನ ಜೋಳದ ಹೊಲಕ್ಕೆ ಕಳೆ ಕೀಳಲು ಹೋದಾಗ ಒಳಸಾಲುಗಳಲ್ಲಿ ಗಾಂಜಾ ಗಿಡ ಕಂಡೆ. ಮೂವತ್ತರ ಮೇಲೇ ಇರಬೇಕು. ಕೇಳಿದ್ದಕ್ಕೆ, "ಅತ್ತಿಗೆ, ನೀವು ನೋಡೇ ಇಲ್ಲ ಅಂದ್ಕೊಳಿ" ಅಂದ. ಹೊರಗಿನವರು ಯಾರೋ ಬೀಜ ಕೊಟ್ಟು, ಮುಂಗಡವನ್ನೂ ಕೊಟ್ಟಿದ್ದಾರಂತೆ. ಹೋದ ವರ್ಷ ಫಸಲನ್ನು ಆನೆ, ಹಂದಿ ಹಾಳು ಮಾಡಿದ ಮೇಲೆ ಸಾಲ ಬೆಳೆದಿತ್ತು. ಈಗ ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕಾವಲು ಕೂರುತ್ತಾನೆ, ಮನೆಯಲ್ಲಿ ಮಾತೇ ಆಡುವುದಿಲ್ಲ.

ಪಕ್ಕದ ಊರಿನಲ್ಲಿ ಪೊಲೀಸರು ಬಂದು ಗಿಡ ಕಿತ್ತು, ಹೊಲದ ಯಜಮಾನರಾದ ವಯಸ್ಸಾದವರೊಬ್ಬರನ್ನು ಕರೆದುಕೊಂಡು ಹೋದರು. ಅಂದಿನಿಂದ ನಮ್ಮೂರಲ್ಲೂ ಇದೇ ಮಾತು. ಕೆಲವರು ಹಿಮಾಚಲದಲ್ಲಿ ಸರ್ಕಾರವೇ ಬೆಳೆಸಲು ಹೊರಟಿದೆ, ಬಡವರನ್ನೇ ಯಾಕೆ ಹಿಡೀತಾರೆ ಅನ್ನುತ್ತಾರೆ. ಕೆಲವರು ಒಬ್ಬನ ಆಸೆಗೆ ಊರಿಗೇ ಕೆಟ್ಟ ಹೆಸರು ಅನ್ನುತ್ತಾರೆ. ಪಂಚಾಯ್ತಿ ಸದಸ್ಯರೊಬ್ಬರು, ಊರ ವಿಷಯ ಊರಾಚೆ ಹೋಗಬಾರದು ಅಂದರು. ಯಜಮಾನರಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಮನೆ ಒಡೆದವಳು ನಾನಾಗುತ್ತೇನೆ. ಹೇಳದಿದ್ದರೆ ಏನಾಗುತ್ತದೋ ಗೊತ್ತಿಲ್ಲ. ದಾರಿ ತೋರಿಸಿ.

ಉತ್ತರ: ತಂಗಿ, ನಿಮ್ಮ ಕಾಗದ ಓದಿದ ಮೇಲೆ ಮೊದಲು ಹೇಳಬೇಕೆನಿಸಿದ್ದು ಒಂದೇ ಮಾತು. ಇವತ್ತು ರಾತ್ರಿ ಯಜಮಾನರಿಗೆ ಫೋನ್ ಮಾಡಿ, ಹೊರಟು ಬರುವಂತೆ ಹೇಳಿ. ಕಾರಣವನ್ನು ಫೋನಿನಲ್ಲಿ ಬಿಡಿಸಿ ಹೇಳುವುದು ಬೇಡ. ಬಂದ ಮೇಲೆ ಎದುರು ಕೂತು ಹೇಳಿ.

ಗೊತ್ತಿಲ್ಲದವರಿಗೆ ಗೊತ್ತು ಮಾಡಿ ನಾನೇ ಅವರನ್ನು ಸಿಕ್ಕಿಸಿದಂತೆ ಆಗುವುದಿಲ್ಲವೇ ಎಂದು ನಿಮಗೆ ಅನ್ನಿಸಬಹುದು. ಮಾದಕ ವಸ್ತುಗಳ ಕುರಿತು 1985ರಲ್ಲಿ ಬಂದ ಎನ್‌ಡಿಪಿಎಸ್ ಕಾಯ್ದೆಯ 46ನೇ ಕಲಮು, ತನ್ನ ಜಮೀನಿನಲ್ಲಿ ಅಕ್ರಮವಾಗಿ ಗಾಂಜಾ ಗಿಡ ಬೆಳೆದಿದ್ದರೆ ಜಮೀನಿನ ಹಿಡುವಳಿದಾರ ಕೂಡಲೇ ಪೊಲೀಸರಿಗೋ ಅಬಕಾರಿಯಂಥ ಇಲಾಖೆಯ ಅಧಿಕಾರಿಗೋ ತಿಳಿಸಬೇಕು ಎನ್ನುತ್ತದೆ. ಗೊತ್ತಿದ್ದೂ ಸುಮ್ಮನಿದ್ದರೆ ಅದೂ ಶಿಕ್ಷೆಗೆ ಗುರಿ. ಹಾಗಾದರೆ ಗೊತ್ತಿಲ್ಲದಿರುವುದೇ ಕ್ಷೇಮ ಎಂದುಕೊಳ್ಳಬೇಡಿ. ಆರೋಪಿಗೆ ಎಲ್ಲ ಗೊತ್ತಿತ್ತು ಎಂದು ನ್ಯಾಯಾಲಯ ಮೊದಲೇ ಊಹಿಸಿಕೊಳ್ಳಲು, ಗೊತ್ತಿರಲಿಲ್ಲ ಎಂಬುದನ್ನು ಆರೋಪಿಯೇ ಸಾಬೀತು ಮಾಡಬೇಕು ಎನ್ನಲು ಈ ಕಾಯ್ದೆಯಲ್ಲಿ ಅವಕಾಶವಿದೆ. ಹದಿನೈದು ದಿನಕ್ಕೊಮ್ಮೆ ಮನೆಗೆ ಬರುವ, ಹೆಂಡತಿ ಆ ಗಿಡಗಳನ್ನು ಕಣ್ಣಾರೆ ನೋಡಿರುವ ಗಂಡಸು ಕಟಕಟೆಯಲ್ಲಿ ನಿಂತು "ನನಗೆ ತಿಳಿಯದು" ಎಂದರೆ ಎಷ್ಟು ಮಂದಿ ನಂಬುತ್ತಾರೆ?

ಗಿಡ ಕಂಡ ಮಾತ್ರಕ್ಕೆ ಶಿಕ್ಷೆ ಆಗಿಬಿಡುವುದಿಲ್ಲ, ಅದೂ ನಿಜ. ಸುಮಾರು ಎರಡು ದಶಕದ ಹಿಂದೆ ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ, ಜಮೀನಿನಲ್ಲಿ ಗಿಡ ಸಿಕ್ಕಿತು ಎನ್ನುವುದಷ್ಟೇ ಸಾಲದು, ಆರೋಪಿಯೇ ಅದನ್ನು ಬೆಳೆಸಿದ ಎನ್ನುವುದಕ್ಕೆ ಪುರಾವೆ ಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿ ಒಬ್ಬರನ್ನು ಬಿಡುಗಡೆ ಮಾಡಿತು. ಆ ಮನುಷ್ಯ ಮಾತ್ರ ಆ ಬಿಡುಗಡೆಗಾಗಿ ಕೆಳಗಿನ ಕೋರ್ಟು, ಹೈಕೋರ್ಟು ದಾಟಿ ದೆಹಲಿಯವರೆಗೆ ಹೋಗಬೇಕಾಯಿತು. ಲಾರಿ ಓಡಿಸಿ ಸಂಸಾರ ಸಾಕುವ ನಿಮ್ಮ ಯಜಮಾನರಿಗೆ ಆ ದಾರಿ ಬೇಡ.

ಇನ್ನು ನಿಮ್ಮೂರಿನ ಚರ್ಚೆ. ಅಲ್ಲಿ ಮಾತನಾಡಿದವರನ್ನು ನಾನು ತಳ್ಳಿಹಾಕಲಾರೆ. ಕಾನೂನು ಬದಲಾಗಬೇಕು ಎನ್ನುವವರ ಮಾತಿನಲ್ಲಿ ಹುರುಳಿದೆ ಎಂದು ನಾನೂ ನಂಬಿದ್ದೇನೆ. ಈ ನೆಲದಲ್ಲಿ ಭಂಗಿಸೊಪ್ಪು ನಿನ್ನೆ ಮೊನ್ನೆಯದಲ್ಲ. ಬ್ರಿಟಿಷ್ ಸರ್ಕಾರವೇ 1893–94ರಲ್ಲಿ ಆಯೋಗವೊಂದನ್ನು ನೇಮಿಸಿ ದೇಶದುದ್ದಕ್ಕೂ ವಿಚಾರಣೆ ಮಾಡಿಸಿತ್ತು. ಮಿತವಾದ ಬಳಕೆಯಿಂದ ದೊಡ್ಡ ಕೇಡಿಲ್ಲ, ಪೂರ್ತಿ ನಿಷೇಧ ಬೇಕಿಲ್ಲ ಎಂದೇ ಆ ಆಯೋಗ ವರದಿ ಕೊಟ್ಟಿತು. ಈಗಿನ ಕಾಯ್ದೆಯೂ ಹೂ ಅಥವಾ ಕಾಯಿ ಬಿಟ್ಟ ತುದಿಯನ್ನು ಮಾತ್ರ ಗಾಂಜಾ ಎನ್ನುತ್ತದೆ. ತುದಿಯ ಜೊತೆಗಿಲ್ಲದ ಎಲೆ, ಬೀಜ ಆ ಲೆಕ್ಕಕ್ಕೆ ಬರುವುದಿಲ್ಲ. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತುಗಳ ಆಯೋಗವು ಗಾಂಜಾವನ್ನು ಅತಿ ಅಪಾಯಕಾರಿ ವಸ್ತುಗಳ ಪಟ್ಟಿಯಿಂದ ತೆಗೆದಾಗ, ಪರವಾಗಿ ಬಿದ್ದ 27 ಮತಗಳಲ್ಲಿ ಭಾರತದ್ದೂ ಒಂದಿತ್ತು.

ಬಡವರನ್ನೇ ಹಿಡಿಯುತ್ತಾರೆ ಎಂಬ ದೂರಂತೂ ನನ್ನನ್ನು ಬಹಳ ಕಾಡುತ್ತದೆ. ಇದೇ ಕಾಯ್ದೆಯ ಪ್ರಕಾರ ಗಿಡ ಬೆಳೆದವನಿಗೆ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಬೆಳೆಯಲು ಹಣ ಕೊಟ್ಟವನಿಗೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲದಂತೆ ಇಪ್ಪತ್ತರವರೆಗೆ ಸಜೆ. ಬೆಳೆದವನಿಗಿಂತ ದುಡ್ಡು ಹಾಕಿದವನ ಅಪರಾಧವೇ ದೊಡ್ಡದು ಎಂದು ಕಾನೂನಿಗೂ ಗೊತ್ತಿದೆ. ಆದರೆ ಮಹಜರು ನಡೆಯುವುದು ಹೊಲದಲ್ಲಿ, ಹೊಲದಲ್ಲಿ ಸಿಗುವವನು ರೈತ. ದುಡ್ಡು ಹಾಕಿದವನ ಹೆಸರು ಆ ಕಾಗದದಲ್ಲಿ ಬರುವುದೇ ಅಪರೂಪ. ಇದರ ಜೊತೆಗೆ ಇನ್ನೊಂದು ಸಂಗತಿ ಹೇಳುತ್ತೇನೆ, ನಿಮ್ಮೂರಿನ ಗ್ರಾಮಸಭೆಯಲ್ಲಿ ಯಾರಾದರೂ ಎತ್ತಲಿ. 2014ರಲ್ಲಿ ತಿದ್ದುಪಡಿ ಮಾಡುವಾಗ ಕಾಯ್ದೆಯ ಒಳಗಿನ ಅಂಕಿ ಜರುಗಿತು. ಹಣ ಹಾಕುವವರ ಮೇಲಿನ ಕಲಮು ತಪ್ಪು ಜಾಗಕ್ಕೆ ಬೆರಳು ತೋರಿಸುತ್ತ ಕೂತಿತು. ಅದನ್ನು ಸರಿಪಡಿಸಿದ್ದು 2021ರಲ್ಲಿ. ಏಳು ವರ್ಷ!

ತೂಕದ ವಿಷಯವೂ ಇದೆ. ಒಂದು ಕಿಲೋ ಗಾಂಜಾವರೆಗೆ ಅಲ್ಪ ಪ್ರಮಾಣ, ಇಪ್ಪತ್ತು ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ. ವಾಣಿಜ್ಯ ಪ್ರಮಾಣವಾದರೆ ಜಾಮೀನು ಸಿಗುವುದು ಬಹಳ ಕಷ್ಟ, ಸಜೆಯೂ ಹತ್ತು ವರ್ಷದಿಂದಲೇ ಶುರು. ಹಸಿ ಗಿಡವನ್ನು ಬೇರು, ಕಾಂಡ, ಎಲೆ, ಅಂಟಿದ ಮಣ್ಣಿನ ಸಮೇತ ತಕ್ಕಡಿಗೆ ಹಾಕಿದರೆ ಮೂವತ್ತು ಗಿಡ ಇಪ್ಪತ್ತು ಕಿಲೋ ದಾಟಲು ಎಷ್ಟು ಹೊತ್ತು ಬೇಕು? ಹೂದುದಿಯನ್ನು ಬೇರ್ಪಡಿಸದೆ ತೂಗಿದ ಲೆಕ್ಕವನ್ನು ಹೈಕೋರ್ಟುಗಳು ಎಷ್ಟೋ ಸಲ ಪ್ರಶ್ನಿಸಿ ಜಾಮೀನು ಕೊಟ್ಟಿವೆ. ಅಲ್ಲಿಯವರೆಗೆ ಮನುಷ್ಯ ಜೈಲಿನಲ್ಲೇ ಇರುತ್ತಾನೆ. ಇದನ್ನು ಹೇಳುತ್ತಿರುವುದು ನಿಮ್ಮನ್ನು ಹೆದರಿಸಲು ಅಲ್ಲ. ಮಹಜರು ನಡೆಯುವಾಗ ನಿಮ್ಮ ಕಡೆಯ ವಕೀಲರು ಯಾವುದನ್ನು ಗಮನಿಸಬೇಕು ಎಂಬುದು ನಿಮಗೂ ತಿಳಿದಿರಲಿ.

ಹಿಮಾಚಲದ ಮಾತನ್ನು ಮೈದುನನಿಗೆ ಬಿಡಿಸಿ ಹೇಳಿ. ಉತ್ತರಾಖಂಡದಲ್ಲಿ ಪರವಾನಗಿ ಕೊಡುತ್ತಿರುವುದು ನಾರು, ಬೀಜಕ್ಕೆಂದು ಬೆಳೆಯುವ ಗಿಡಕ್ಕೆ. ಅದರಲ್ಲಿ ಅಮಲೇರಿಸುವ ಅಂಶ ಶೇಕಡಾ 0.3 ದಾಟುವಂತಿಲ್ಲ. ಹಿಮಾಚಲದಲ್ಲಿ ಮಂತ್ರಿ ಜಗತ್ ಸಿಂಗ್ ನೇಗಿ ಅವರ ನೇತೃತ್ವದ ಸಮಿತಿಯ ವರದಿಯನ್ನು 2024ರಲ್ಲಿ ವಿಧಾನಸಭೆ ಒಪ್ಪಿತು. ಅಲ್ಲಿಯೂ ಮಾತು ಔಷಧಿ ಮತ್ತು ಕೈಗಾರಿಕೆಗಾಗಿ, ಸರ್ಕಾರದ ಕಣ್ಣೆದುರಿಗೆ ಬೆಳೆಯುವುದರ ಬಗ್ಗೆ. ಮುಂಗಡ ಕೊಟ್ಟು ಹೋದವನು ನಿಮ್ಮ ಹುಡುಗನಿಗೆ ಕೊಟ್ಟಿರುವುದು ಹೂದುದಿಗಾಗಿ ಬೆಳೆಸುವ ಬೀಜ. ಕಾನೂನು ನಾಳೆ ಸಡಿಲವಾದರೂ ಇವತ್ತಿನ ಈ ಮೂವತ್ತು ಗಿಡಗಳಿಗೆ ಅದು ನೆರಳಾಗುವುದಿಲ್ಲ.

ಊರ ಮಾತು ಊರಾಚೆ ಹೋಗಬಾರದು ಎಂದ ಆ ಸದಸ್ಯರ ಬಗ್ಗೆಯೂ ಒಂದು ಮಾತು. ಅದೇ ಕಾಯ್ದೆಯ 47ನೇ ಕಲಮಿನ ಪ್ರಕಾರ ಪಂಚರಿಗೆ, ಸರ್ಪಂಚರಿಗೆ, ಎಲ್ಲ ಬಗೆಯ ಗ್ರಾಮಾಧಿಕಾರಿಗಳಿಗೆ ಇಂಥ ಬೆಳೆಯ ಸುಳಿವು ಸಿಕ್ಕರೆ ತಿಳಿಸುವ ಹೊಣೆ ಇದೆ. ಕಾನೂನು ಅನ್ಯಾಯ ಎನ್ನಿಸಿದರೆ ಅದನ್ನು ಗಟ್ಟಿಯಾಗಿ ಹೇಳಲು, ಸರ್ಕಾರಕ್ಕೆ ಠರಾವು ಮಾಡಿ ಕಳಿಸಲು ಗ್ರಾಮಸಭೆ ಇದೆ. ಅದನ್ನು ಬಿಟ್ಟು ಬಾಯಿ ಮುಚ್ಚಿಕೊಳ್ಳಿ ಎಂದರೆ ಕೊನೆಗೆ ಅದರಿಂದ ರಕ್ಷಣೆ ಸಿಗುವುದು ಮುಂಗಡ ಕೊಟ್ಟವನಿಗೆ.

ಖಾಕಿ ಕಂಡರೆ ನಿಮ್ಮ ಸೀಮೆಯವರ ಎದೆ ನಡುಗುವುದು ಯಾಕೆಂದು ನನಗೆ ಗೊತ್ತು. ವೀರಪ್ಪನ್‌ಗಾಗಿ ನಡೆದ ಕಾರ್ಯಾಚರಣೆಯಲ್ಲಿ ಮಹದೇಶ್ವರ ಬೆಟ್ಟದ ಸುತ್ತಲಿನ ಜನ ಪಟ್ಟ ಪಾಡನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಪರಿಹಾರ ಕೊಡಬೇಕೆಂದು ಹೇಳಿತು. ನಿಮ್ಮ ಅತ್ತೆಯವರು ಅದನ್ನೆಲ್ಲ ನೋಡಿದ ತಲೆಮಾರಿನವರು. ಆದ್ದರಿಂದ ನೇರವಾಗಿ ಠಾಣೆಗೆ ನಡೆಯಿರಿ ಎಂದು ನಾನು ಹೇಳುವುದಿಲ್ಲ. ಮೊದಲು ಕೊಳ್ಳೇಗಾಲದ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ನೀವು ಹೆಣ್ಣುಮಗಳು, ಆದಾಯ ಎಷ್ಟೇ ಇರಲಿ ನಿಮಗೆ ವಕೀಲರನ್ನು ಉಚಿತವಾಗಿ ಕೊಡಬೇಕು, ಅದು ನಿಮ್ಮ ಹಕ್ಕು. 15100ಕ್ಕೆ ಫೋನ್ ಮಾಡಿಯೂ ವಿಚಾರಿಸಬಹುದು. ವಕೀಲರ ಮೂಲಕ, ಯಜಮಾನರ ಸಹಿಯೊಂದಿಗೆ, ಜಮೀನಿನ ಹಿಡುವಳಿದಾರನಾಗಿ ತಿಳಿಸುತ್ತಿದ್ದೇನೆ ಎಂಬ ಅರ್ಜಿ ಕೊಡಿ. ಸ್ವೀಕೃತಿ ಪಡೆದುಕೊಳ್ಳಿ, ಆ ಕಾಗದದ ನಕಲು ಮನೆಯಲ್ಲಿರಲಿ.

1933 ಎಂಬ ಸಹಾಯವಾಣಿಗೆ ಹೆಸರು ಹೇಳದೆಯೂ ಕರೆ ಮಾಡಬಹುದು. ಸುಳಿವು ಕೊಟ್ಟವರು ಯಾರೆಂದು ಹೇಳುವಂತೆ ಅಧಿಕಾರಿಯನ್ನು ಬಲವಂತ ಮಾಡುವಂತಿಲ್ಲ ಎಂಬ ರಕ್ಷಣೆಯೂ ಕಾಯ್ದೆಯಲ್ಲಿದೆ. ಬೇರೆಯವರ ಹೊಲದ ಸುದ್ದಿಯಾಗಿದ್ದರೆ ಅದನ್ನೇ ಹೇಳುತ್ತಿದ್ದೆ. ನಿಮ್ಮ ವಿಷಯದಲ್ಲಿ ಮಾತ್ರ ಬೇಡ. ಹೆಸರಿಲ್ಲದ ಕರೆಯಿಂದ ಗಿಡ ಹೋಗುತ್ತದೆ, ಆದರೆ ಹಿಡುವಳಿದಾರ ತಾನಾಗಿ ತಿಳಿಸಿದ ಎನ್ನುವುದಕ್ಕೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ರಾತ್ರೋರಾತ್ರಿ ನೀವೇ ಕಿತ್ತು ಸುಡುವುದೋ, ಕೊಯ್ದು ಹಿತ್ತಿಲಲ್ಲಿ ಬಚ್ಚಿಡುವುದೋ ಖಂಡಿತ ಬೇಡ. ಕೊಯ್ದ ಹೂದುದಿ ನಿಮ್ಮ ಕೈಗೆ ಬಂದ ಕ್ಷಣದಿಂದ ಗಾಂಜಾ ಇಟ್ಟುಕೊಂಡ ಆರೋಪ ನಿಮ್ಮ ಮೇಲೆ ಬರಬಹುದು. ಮುಂಗಡ ವಾಪಸ್ ಕೊಡಲು ಆ ಮನುಷ್ಯನನ್ನು ಹುಡುಕಿಕೊಂಡು ಹೋಗುವುದೂ ಬೇಡ. ಅವನು ಬೆದರಿಸಿದರೆ 112.

ಈಗ ನೀವು ಕೇಳದೆ ಬಿಟ್ಟ ಪ್ರಶ್ನೆ. ಮೈದುನ ಜೈಲಿಗೆ ಹೋಗುತ್ತಾನೆಯೇ? ಸುಳ್ಳು ಸಮಾಧಾನ ಹೇಳಲಾರೆ. ಕೇಸು ಆಗುತ್ತದೆ, ಬಂಧನವೂ ಆಗಬಹುದು. ಆದರೆ ಬೆಳೆದದ್ದಕ್ಕೆ ಇಷ್ಟೇ ಕನಿಷ್ಠ ಸಜೆ ಎಂದು ಕಾಯ್ದೆ ಕಟ್ಟುಹಾಕಿಲ್ಲ. ಎಷ್ಟು ಎಂಬುದನ್ನು ನ್ಯಾಯಾಧೀಶರು ತೂಗಿ ನೋಡಬಹುದು. ಅಣ್ಣನ ಜೊತೆ ತಾನಾಗಿ ಬಂದವನಿಗೂ ಅಟ್ಟಣೆಯಿಂದ ಓಡಿ ಸಿಕ್ಕಿಬಿದ್ದವನಿಗೂ ಅಲ್ಲಿ ವ್ಯತ್ಯಾಸವಿದೆ. ಹಣ ಕೊಟ್ಟವರ ವಿಷಯವನ್ನು ಪೂರ್ತಿಯಾಗಿ, ನಿಜವಾಗಿ ಹೇಳುವವನಿಗೆ ವಿನಾಯಿತಿ ಕೊಡುವ ಅಧಿಕಾರವೂ 64ನೇ ಕಲಮಿನಲ್ಲಿ ಸರ್ಕಾರಕ್ಕೆ ಇದೆ. ಸಿಕ್ಕೇ ಸಿಗುತ್ತದೆ ಎನ್ನಲಾಗದು, ವಕೀಲರ ಹತ್ತಿರ ಆ ಮಾತು ತೆಗೆಯಿರಿ. ಆದ್ದರಿಂದಲೇ ಯಜಮಾನರು ಬಂದ ದಿನವೇ ಇಬ್ಬರೂ ಸೇರಿ ಅವನನ್ನು ಕೂರಿಸಿಕೊಂಡು ಮಾತನಾಡಿ. ನಾಳೆ ವಕೀಲರ ಹತ್ತಿರ ಹೋಗುತ್ತಿದ್ದೇವೆ, ನೀನೂ ನಮ್ಮ ಜೊತೆ ಬಾ ಎನ್ನಿ. ಕಟಾವು ಮುಗಿಯಲಿ ಎಂದು ಅವನು ಕೇಳಿದರೆ ಒಪ್ಪಬೇಡಿ.

ಮನೆ ಒಡೆದವಳು ಎಂಬ ಮಾತು ನಿಮ್ಮ ಕಾಗದದಲ್ಲಿ ಭಾರವಾಗಿ ಕೂತಿದೆ. ಆ ಹುಡುಗನಿಗೆ ಬೈಯಲು ಹೋಗಬೇಡಿ. ಅವನಿಗೆ ನಿದ್ದೆಯಿಲ್ಲ, ಮನೆಯವರೊಂದಿಗೆ ಮಾತಿಲ್ಲ, ಆನೆಗೂ ಪೊಲೀಸಿಗೂ ಮುಂಗಡ ಕೊಟ್ಟವನಿಗೂ ಒಟ್ಟಿಗೆ ಹೆದರಿ ಅಟ್ಟಣೆಯ ಮೇಲೆ ಕೂತಿದ್ದಾನೆ. ತಾನೇ ಸೇದಲು ಶುರು ಮಾಡಿದ್ದಾನೋ ಮೆತ್ತಗೆ ಕೇಳಿ ನೋಡಿ. ಹೌದು ಎಂದರೆ 14446ಕ್ಕೆ ಕರೆ ಮಾಡಿದರೆ ಚಿಕಿತ್ಸೆಯ ದಾರಿ ಹೇಳುತ್ತಾರೆ. ಸಾಲವನ್ನು ಅವನೊಬ್ಬನ ಹೆಗಲಿಗೆ ಬಿಟ್ಟದ್ದು ಸರಿಯಲ್ಲ ಎಂದು ಅಣ್ಣನ ಬಾಯಿಂದ ಒಂದು ಮಾತು ಬರಲಿ. ಅಂದಹಾಗೆ, ಹೋದ ವರ್ಷ ಆನೆ ತುಳಿದಾಗ ಅರಣ್ಯ ಇಲಾಖೆಗೆ ಬೆಳೆಹಾನಿ ಪರಿಹಾರದ ಅರ್ಜಿ ಹಾಕಿದ್ದಿರಾ? ಹಾಕಿದ್ದರೆ ಅದು ಎಲ್ಲಿ ನಿಂತಿದೆ ಎಂದು ವಿಚಾರಿಸಿ. ಹಾಕಿಲ್ಲದಿದ್ದರೆ, ಈ ಸಲ ಹೊಲಕ್ಕೆ ಆನೆ ಇಳಿದ ಬೆಳಿಗ್ಗೆಯೇ ಫೋಟೊ ತೆಗೆದು ಅರ್ಜಿ ಕೊಡಿ. ಗ್ರಾಮಸಭೆಯಲ್ಲಿ ಗಾಂಜಾದ ಮಾತು ಎತ್ತಿದವರು ಈ ಮಾತನ್ನೂ ಎತ್ತಲಿ.

ಅತ್ತೆಯವರಿಗೆ ವಿಷಯವನ್ನು ನೀವೇ ಹೇಳಿ, ಬೇರೆಯವರ ಬಾಯಿಂದ ಬರುವುದು ಬೇಡ. ಅಧಿಕಾರಿಗಳು ಹೊಲಕ್ಕೆ ಬರುವ ದಿನ ಅವರನ್ನು ಒಬ್ಬರನ್ನೇ ಮನೆಯಲ್ಲಿ ಬಿಡಬೇಡಿ. ನಿಮ್ಮ ತವರಿನವರು ಯಾರಾದರೂ ಹತ್ತಿರದಲ್ಲಿದ್ದರೆ ಒಂದೆರಡು ದಿನ ಬಂದು ಜೊತೆಗಿರಲು ಹೇಳಿ.